‘ಇದರಲ್ಲಿ ರಾಜಕೀಯ ಬೇಡ’ ಎನ್ನುವವರಿಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟು ನೀರಿನ ರಭಸಕ್ಕೆ ಕೊಚ್ಚಿ ಹೋಯಿತು. ಜಲಾಶಯ ಆಗಷ್ಟೇ ತುಂಬಿತ್ತು. ಕಿಂಡಿ ಮುಚ್ಚಬೇಕಾದರೆ ಮೊದಲು ನೀರಿನ ಮಟ್ಟ ಇಳಿಯಬೇಕು. ಅದಕ್ಕಾಗಿ ಉಳಿದ ಗೇಟುಗಳನ್ನೂ ಎತ್ತಿ ಹೊಳೆಗೆ ನೀರು ಬಿಟ್ಟರು. ಭತ್ತದ ಸಸಿ ಬೆಳೆಸಿಕೊಂಡು ಕೂತಿದ್ದ ಕಂಪ್ಲಿ, ಗಂಗಾವತಿ, ಸಿರುಗುಪ್ಪದ ರೈತರು ತಮ್ಮ ಬೆಳೆಯ ನೀರು ಕಣ್ಣೆದುರಿಗೇ ಹರಿದು ಹೋಗುವುದನ್ನು ನೋಡಬೇಕಾಯಿತು. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿದ ಕಾರ್ಮಿಕರಿಗೆ ಈ ಸೀಮೆ ಎಷ್ಟು ಋಣಿಯಾಗಿದ್ದರೂ ಸಾಲದು.

ಆ ವಾರದಲ್ಲಿ ರೈತರು ಕೇಳಿದ್ದು ಸರಳ ಪ್ರಶ್ನೆಗಳನ್ನು. ಆ ಚೈನನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾರು, ಯಾವಾಗ? ಎಪ್ಪತ್ತು ವರ್ಷ ಹಳೆಯ 33 ಗೇಟುಗಳನ್ನು ಬದಲಿಸಬೇಕೆಂಬ ಮಾತು ಯಾವ ಕಚೇರಿಯಲ್ಲಿ ನಿಂತಿತ್ತು? ಗೇಟು ಹೋದರೆ ಅಡ್ಡ ಇಳಿಸಲು ಸ್ಟಾಪ್‌ಲಾಗ್ ಏಕೆ ಸಿದ್ಧವಿರಲಿಲ್ಲ? ಇವಕ್ಕೆ ಉತ್ತರ ಬರುವ ಮೊದಲು ಎಲ್ಲ ದಿಕ್ಕಿನಿಂದ ಒಂದು ಬುದ್ಧಿಮಾತು ಬಂತು: ಇದರಲ್ಲಿ ರಾಜಕೀಯ ಬೇಡ.

ಹೊಸಪೇಟೆಯ ಹೋಟೆಲುಗಳಲ್ಲಿ, ಸಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜು ಅಧ್ಯಾಪಕರ ನಡುವೆ, ಓದಿದವರ ಮನೆಗಳಲ್ಲಿ ಈ ಮಾತು ಈಗ ವೇದವಾಕ್ಯ. ಇದರ ಹಿಂದಿನ ನಂಬಿಕೆ ಇಷ್ಟು: ರಾಜಕೀಯವೆಂದರೆ ಹೊಲಸು, ಸರ್ಕಾರವೆಂದರೆ ರಸ್ತೆ, ನೀರು, ಕರೆಂಟು, ರೇಷನ್ ಒದಗಿಸುವ ಒಂದು ವ್ಯವಸ್ಥೆ, ಅದನ್ನು ಅಧಿಕಾರಿಗಳು, ತಜ್ಞರು, ನ್ಯಾಯಾಲಯಗಳು ಅಥವಾ ಕಂಪನಿ ನಡೆಸಿ ಗೊತ್ತಿರುವ ಒಬ್ಬ ಗಟ್ಟಿಗನ ಕೈಗೆ ಕೊಟ್ಟರೆ ನಾಡು ಉದ್ಧಾರವಾಗುತ್ತದೆ. ಈ ನಂಬಿಕೆ ತಪ್ಪು. ಅಷ್ಟೇ ಅಲ್ಲ, ಇದು ಬಡವರ ಕೈಯಲ್ಲಿರುವ ಒಂದೇ ಒಂದು ಆಯುಧವನ್ನು ಕಸಿಯುವ ನಂಬಿಕೆ. ಇದನ್ನು ಖಂಡಿಸಲು ನಾನು ದೂರ ಹೋಗಬೇಕಿಲ್ಲ. ಈ ಹೊಳೆ ಮತ್ತು ಈ ಗುಡ್ಡಗಳ ನಡುವೆಯೇ ಬೇಕಾದಷ್ಟು ಸಾಕ್ಷ್ಯವಿದೆ.

ಎದುರಾಳಿಯ ವಾದವನ್ನು ಅದರ ಪೂರ್ಣ ಬಲದಲ್ಲೇ ಎತ್ತಿಕೊಳ್ಳೋಣ. ‘ಗಣಿಯ ಕಾಲ ಮರೆತಿರಾ?’ ಎಂದು ಅವರು ಕೇಳುತ್ತಾರೆ. ಯಾರೂ ಮರೆತಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಚೀನಾ ಕಬ್ಬಿಣಕ್ಕೆ ಬಾಯಿ ತೆರೆದಾಗ ಸಂಡೂರಿನ ಗುಡ್ಡಗಳು ಲಾರಿ ಹತ್ತಿದವು. ಅದಿರಿನ ಬೆಲೆ ಟನ್ನಿಗೆ ಸಾವಿರಗಳ ಲೆಕ್ಕದಲ್ಲಿ ಏರಿದರೂ 2009ರ ಆಗಸ್ಟಿನವರೆಗೆ ಸರ್ಕಾರಕ್ಕೆ ಬರುತ್ತಿದ್ದ ರಾಜಧನ ಟನ್ನಿಗೆ ಮೂವತ್ತು ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಹುಣಸೆ ಮರಗಳ ಎಲೆ ಯಾವ ಬಣ್ಣವೆಂದು ಮಳೆ ಬಂದಾಗ ಮಾತ್ರ ತಿಳಿಯುತ್ತಿತ್ತು. ಶೇಂಗಾ ಬಳ್ಳಿ ಕಿತ್ತರೆ ಕೈಗೆ ಹತ್ತುತ್ತಿದ್ದುದು ಗಣಿಯ ಕೆಂಪು ದೂಳು. ತಾರಾನಗರದ ನಾರಿಹಳ್ಳ ಜಲಾಶಯಕ್ಕೆ ಗುಡ್ಡದ ಹೂಳು ಇಳಿಯಿತು. ಗಣಿ ನಡೆಸುವವರೇ ಮಂತ್ರಿಗಳಾದರು, ಶಾಸಕರ ನಿಷ್ಠೆ ಕೊಳ್ಳುವ ಸರಕಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆ 2011ರ ಜುಲೈ 27ರಂದು ಕೊಟ್ಟ ವರದಿ ನಾಡಿನ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ನಾಲ್ಕನೇ ದಿನ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ರಾಜಕಾರಣಿಗಳು ಕೆಡಿಸಿದ್ದನ್ನು ನ್ಯಾಯಾಲಯ ಸರಿಮಾಡಿತು, ಇನ್ನೇನು ಪುರಾವೆ ಬೇಕು ಎನ್ನುತ್ತಾರೆ.

ಗಣಿಯ ಕಾಲದಲ್ಲಿ ನಡೆದದ್ದೇನೆಂದು ನೆಟ್ಟಗೆ ನೋಡಬೇಕು. ಅಲ್ಲಿ ರಾಜಕೀಯ ಹೆಚ್ಚಾಗಿರಲಿಲ್ಲ, ವ್ಯಾಪಾರ ರಾಜಕೀಯವನ್ನು ನುಂಗಿ ಹಾಕಿತ್ತು. ಬಂಡವಾಳ ಹಾಕಿ ಲಾಭ ತೆಗೆಯುವುದು, ಅಡ್ಡ ಬಂದ ಅಧಿಕಾರಿಯನ್ನು ವರ್ಗ ಮಾಡಿಸುವುದು, ಎದುರಾಳಿಯನ್ನು ಕೊಂಡುಕೊಳ್ಳುವುದು, ಕೆಲಸ ಬೇಗ ಮುಗಿಸುವುದು: ಇವೆಲ್ಲ ದಂಧೆಯ ನೀತಿಗಳು. ‘ಸರ್ಕಾರವನ್ನು ಕಂಪನಿಯ ಹಾಗೆ ನಡೆಸಬೇಕು’ ಎಂದು ಹಾತೊರೆಯುವವರಿಗೆ ಹೇಳಬೇಕಾದ್ದು ಇದು: ಬಳ್ಳಾರಿಯಲ್ಲಿ ಅದು ನಡೆದು ಹೋಗಿದೆ. ಸರ್ಕಾರ ಕಂಪನಿಯಾದ ಕೆಲವು ವರ್ಷಗಳಲ್ಲಿ ಆಂಧ್ರ–ಕರ್ನಾಟಕ ಗಡಿಯ ಕಲ್ಲುಗಳ ಜಾಗವೇ ವಿವಾದವಾಯಿತು.

ಇನ್ನು, ಅದನ್ನು ನಿಲ್ಲಿಸಿದ್ದು ಯಾರು? ಕೋರ್ಟು ತಾನಾಗಿ ಎದ್ದು ಬರಲಿಲ್ಲ. ಧಾರವಾಡದ ಎಸ್.ಆರ್. ಹಿರೇಮಠ ಮತ್ತು ಅವರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಅರ್ಜಿ ಹಿಡಿದು ದೆಹಲಿಗೆ ಹೋಗಿದ್ದರಿಂದ ಅದು ನಡೆಯಿತು. ಊರಿನ ಪತ್ರಕರ್ತರು, ಹೊಲ ಕಳೆದುಕೊಂಡ ರೈತರು, ಕೆಲವು ನಿಷ್ಠುರ ಅರಣ್ಯಾಧಿಕಾರಿಗಳು ಬೆದರಿಕೆಯ ನಡುವೆ ಸಾಕ್ಷ್ಯ ಕಲೆ ಹಾಕಿದರು. 2010ರಲ್ಲಿ ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿವರೆಗೆ ಪಾದಯಾತ್ರೆ ಮಾಡಿದರು. ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಗಣಿಯವರ ಹೆದರಿಕೆ ಒಡೆಯಿತು. ಅರ್ಜಿ, ವರದಿ, ಜಾಥಾ, ಸಭೆ, ಕೊನೆಗೆ 2013ರ ಚುನಾವಣೆ. ಇವನ್ನು ರಾಜಕೀಯವೆನ್ನದೆ ಬೇರೆ ಏನೆನ್ನಬೇಕು? ರಾಜಕೀಯ ಬೇಡವೆಂದು ಈ ಜನರೆಲ್ಲ ಮನೆಯಲ್ಲಿ ಕೂತಿದ್ದರೆ ಸಂಡೂರಿನ ಗುಡ್ಡಗಳು ಇವತ್ತು ಫೋಟೋಗಳಲ್ಲಿ ಮಾತ್ರ ಇರುತ್ತಿದ್ದವು.

ನ್ಯಾಯಾಲಯದ ಬಗ್ಗೆ ನನಗೆ ಗೌರವವಿದೆ. 2011ರ ಆದೇಶ ಇಲ್ಲದಿದ್ದರೆ ಆಗುತ್ತಿದ್ದ ಅನಾಹುತದ ಅರಿವೂ ಇದೆ. ಆದರೆ ಕೋರ್ಟು ಮಾಡಬಲ್ಲದ್ದಕ್ಕೊಂದು ಎಲ್ಲೆ ಇದೆ. ಅದು ‘ನಿಲ್ಲಿಸಿ’ ಎನ್ನಬಲ್ಲದು. ನಿಂತ ಮೇಲೆ ಬದುಕು ಹೇಗೆ ನಡೆಯಬೇಕೆಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ಗಣಿ ನಿಂತಾಗ ಸಾಲ ಮಾಡಿ ಲಾರಿ ಕೊಂಡವರ ಮನೆ ಮುಂದಿನಿಂದ ಫೈನಾನ್ಸ್ ಕಂಪನಿಗಳು ಲಾರಿ ಎಳೆದುಕೊಂಡು ಹೋದವು. ಅದಿರು ಆರಿಸುತ್ತಿದ್ದ ಹೆಂಗಸರು ಕೂಲಿ ಕಳೆದುಕೊಂಡರು. ಕೋಟಿ ಕೋಟಿ ಮಾಡಿಕೊಂಡವರಿಗೂ ದಿನಗೂಲಿಯವರಿಗೂ ಒಂದೇ ಆದೇಶ. ಯಾರಿಗೆ ಎಷ್ಟು ನೋವಾಗಬೇಕು, ಯಾರಿಗೆ ಪರಿಹಾರ ಸಲ್ಲಬೇಕು, ಮುಂದಿನ ಕಸುಬು ಯಾವುದು ಎಂಬ ಪ್ರಶ್ನೆಗಳಿಗೆ ಕಾನೂನು ಪುಸ್ತಕದಲ್ಲಿ ಉತ್ತರವಿಲ್ಲ. ಜನ ಎದುರು ಬದುರು ಕೂತು ವಾದಿಸಿ, ಬಿಟ್ಟುಕೊಟ್ಟು, ಪಡೆದು ತೀರ್ಮಾನಿಸಬೇಕಾದ ಪ್ರಶ್ನೆಗಳು ಅವು. ಸರ್ಕಾರ ಇರುವುದು ಇಂಥ ಪ್ರಶ್ನೆಗಳಿಗಾಗಿ.

ಅದೇ 2011ರ ಜುಲೈ 29ರಂದು, ಗಣಿಗೆ ತಡೆ ಬಿದ್ದ ದಿನವೇ, ಹಂಪಿಯಲ್ಲಿ ಇನ್ನೊಂದು ಕೆಲಸ ನಡೆಯಿತು. ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರಿನಲ್ಲಿ, ಕಲ್ಲಿನ ಸಾಲುಮಂಟಪಗಳಿಗೆ ಗೋಡೆ ಕಟ್ಟಿಕೊಂಡು ತಲೆಮಾರುಗಳಿಂದ ಅಂಗಡಿ, ಮನೆ ನಡೆಸುತ್ತಿದ್ದವರ ಮೇಲೆ ಜೆಸಿಬಿಗಳು ಬಂದವು. ಸಾಮಾನು ಕಟ್ಟಿಕೊಳ್ಳಲು ಒಂದು ದಿನದ ಬಿಡುವೂ ಸರಿಯಾಗಿ ಸಿಗಲಿಲ್ಲ. ಪುನರ್ವಸತಿಗೆ ಕಡ್ಡಿರಾಂಪುರದ ಕಡೆ ಕೈ ತೋರಿಸಿದರು. ನಿವೇಶನಕ್ಕಾಗಿ, ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಅಲೆದರು. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು ಕಾಯುವುದು ನಮ್ಮ ಹೊಣೆ. ಆದರೆ ಸ್ಮಾರಕವೂ ಉಳಿದು ಮನುಷ್ಯರೂ ಮರ್ಯಾದೆಯಿಂದ ಬದುಕುವ ದಾರಿ ಯಾವುದೆಂದು ಯಾರು ಯಾರೊಡನೆ ಮಾತಾಡಿದರು? ಹಂಪಿಯ ಆಡಳಿತಕ್ಕೆ 2002ರ ಕಾಯ್ದೆಯಡಿ ಒಂದು ಪ್ರಾಧಿಕಾರವಿದೆ, ಪುರಾತತ್ವ ಇಲಾಖೆ ಇದೆ, ಜಿಲ್ಲಾಡಳಿತವಿದೆ. ಪ್ರತಿಯೊಂದೂ ತಜ್ಞರ, ಅಧಿಕಾರಿಗಳ ಸಂಸ್ಥೆ. ಆ ಬಜಾರಿನವರ ಓಟಿನಿಂದ ಬಂದ ಹಂಪಿ ಗ್ರಾಮ ಪಂಚಾಯಿತಿಗೆ ಆ ದಿನ ಒಂದು ಜೆಸಿಬಿಯನ್ನು ಒಂದು ವಾರ ತಡೆಯುವ ಶಕ್ತಿಯೂ ಇರಲಿಲ್ಲ. ರಾಜಕೀಯ ಇಲ್ಲದ ಸರ್ಕಾರ ಹೇಗಿರುತ್ತದೆ ಎಂದು ಕೇಳುವವರು ಬಜಾರಿನಿಂದ ಎದ್ದವರನ್ನು ಕೇಳಬೇಕು.

ಒಂದೇ ದಿನ, ಒಂದೇ ಜಿಲ್ಲೆ. ಒಂದು ಕಡೆ ಬಲಿಷ್ಠರ ಕೈ ಕಟ್ಟಿದ ಆದೇಶ, ಇನ್ನೊಂದು ಕಡೆ ಬಡವರ ಮನೆ ಕೆಡವಿದ ಕಾರ್ಯಾಚರಣೆ. ಮೊದಲನೆಯದರ ಹಿಂದೆ ವರ್ಷಗಳ ಜನಹೋರಾಟವಿತ್ತು. ಬಜಾರಿನವರ ಪರವಾಗಿ ನಿಲ್ಲಲು ಅಂಥದ್ದೇನೂ ಇರಲಿಲ್ಲ. ವ್ಯತ್ಯಾಸ ಅಲ್ಲಿದೆ.

ಹಂಪಿಯ ನೆಲದಲ್ಲಿ ನಿಂತವರಿಗೆ ಇನ್ನೊಂದು ಆಸೆ ಸುಲಭವಾಗಿ ಹುಟ್ಟುತ್ತದೆ: ಕೃಷ್ಣದೇವರಾಯನಂಥ ಒಬ್ಬ ದೊರೆ ಬೇಕು. ಕಾಲುವೆ ತೋಡಿಸಿದ, ಕೆರೆ ಕಟ್ಟಿಸಿದ, ಹೊಸಪೇಟೆಯನ್ನು ನಾಗಲಾಪುರವೆಂದು ಎಬ್ಬಿಸಿದ ದೊರೆ. ಆ ಸಾಧನೆಯನ್ನು ನಾನು ಕಡೆಗಣಿಸುವುದಿಲ್ಲ. ವಿಜಯನಗರ ಕಾಲದ ತುರ್ತಾ, ಬಸವಣ್ಣ, ರಾಮಸಾಗರ, ಕಂಪ್ಲಿ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿದು ಬಾಳೆ, ಕಬ್ಬು, ಭತ್ತ ಬೆಳೆಯುತ್ತಿವೆ. ಆದರೆ ಅದೇ ಕಾಲದ ಇನ್ನೊಂದು ದಾಖಲೆಯನ್ನೂ ಓದಬೇಕು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಯ ಎರಡು ಗುಡ್ಡಗಳ ನಡುವೆ ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನು ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದ ಆ ಕೆರೆಯ ಏರಿ ಎರಡು ಮೂರು ಸಲ ಒಡೆಯಿತು. ಏಕೆ ಒಡೆಯಿತೆಂದು ರಾಯ ಕೇಳಿದಾಗ, ದೇವರಿಗೆ ರಕ್ತ ಬೇಕೆಂದು ಪುರೋಹಿತರು ಹೇಳಿದರು. ಗುಡಿಯ ಬಾಗಿಲಲ್ಲಿ ಅರವತ್ತು ಮನುಷ್ಯರ ತಲೆ ಕಡಿದರು, ಜೊತೆಗೆ ಕುದುರೆ, ಕೋಣಗಳದ್ದೂ.

ಪಾಯೆಸ್ ಕಂಡಿದ್ದರಲ್ಲಿ, ಕೇಳಿದ್ದರಲ್ಲಿ ಉತ್ಪ್ರೇಕ್ಷೆ ಇದ್ದಿರಬಹುದು. ಆದರೂ ಅಧಿಕಾರದ ಸ್ವರೂಪ ಅಲ್ಲಿ ಸ್ಪಷ್ಟವಾಗಿದೆ. ಏರಿ ಒಡೆದರೆ ದೊರೆ ಕೇಳುತ್ತಾನೆ, ಆಸ್ಥಾನದ ಬಲ್ಲವರು ಹೇಳುತ್ತಾರೆ, ಬೆಲೆ ತೆರುವವನಿಗೆ ಬಾಯಿಲ್ಲ. ಐನೂರು ವರ್ಷದ ಮೇಲೆ ಅದೇ ಸೀಮೆಯಲ್ಲಿ ಗೇಟು ಮುರಿದಾಗ ಕಂಪ್ಲಿಯ ರೈತ ಜಲಾಶಯದ ಎದುರಿಗೇ ನಿಂತು ‘ಯಾರ ತಪ್ಪು ಹೇಳಿ’ ಎಂದು ಮಂತ್ರಿಯನ್ನೇ ಕೇಳಬಹುದು. ಈ ಎರಡು ಕಾಲಗಳ ನಡುವೆ ನಾವು ಗಳಿಸಿದ ಆಸ್ತಿ ಇದು. ಈ ಪ್ರಶ್ನೆ ಕೇಳುವವನನ್ನು ‘ರಾಜಕೀಯ ಮಾಡಬೇಡ’ ಎಂದು ಸುಮ್ಮನಾಗಿಸುವುದು, ಅವನನ್ನು ಬಾಯಿಲ್ಲದವರ ಸಾಲಿಗೆ ತಿರುಗಿ ನಿಲ್ಲಿಸುವುದು.

ತುಂಗಭದ್ರಾ ಮಂಡಳಿಯನ್ನೇ ನೋಡಿ. 1953ರಿಂದ ಇರುವ ಈ ಸಂಸ್ಥೆಯ ಅಧ್ಯಕ್ಷರನ್ನು ಕೇಂದ್ರ ನೇಮಿಸುತ್ತದೆ, ರಾಜ್ಯಗಳ ಅಧಿಕಾರಿಗಳು ಸದಸ್ಯರು. ಪಕ್ಷವಿಲ್ಲ, ಚುನಾವಣೆಯಿಲ್ಲ, ಎಂಜಿನಿಯರುಗಳ ಆಡಳಿತ. ರಾಜ್ಯಗಳ ಜಗಳದ ನಡುವೆ ನೀರು ಹಂಚಲು ಇಂಥ ಮಂಡಳಿ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಪಕ್ಷವಿಲ್ಲದ ಮಾತ್ರಕ್ಕೆ ಚೈನ್ ಗಟ್ಟಿಯಾಗಲಿಲ್ಲ. ಗೇಟುಗಳ ತಪಾಸಣೆಯ ವರದಿ ವರ್ಷವರ್ಷವೂ ರೈತರ ಮುಂದೆ ಬಂದಿದ್ದರೆ ಅದರ ಮೇಲೆ ಜಗಳವಾಗುತ್ತಿತ್ತು, ಪತ್ರಿಕೆಯಲ್ಲಿ ಬರುತ್ತಿತ್ತು, ಶಾಸಕರು ಸದನದಲ್ಲಿ ಎದ್ದು ನಿಲ್ಲಬೇಕಾಗುತ್ತಿತ್ತು. ಆ ಗದ್ದಲವೇ ಕಾವಲು. ಗದ್ದಲವಿಲ್ಲದ ಜಾಗದಲ್ಲಿ ತುಕ್ಕು ಬೆಳೆಯಿತು. ಅದರ ಬೆಲೆಯನ್ನು ರೈತರು ಮರುವರ್ಷವೂ ತೆತ್ತರು: ಗೇಟುಗಳ ಸುರಕ್ಷತೆಯ ಸಲುವಾಗಿ 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. 133 ಟಿಎಂಸಿಗೆಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಉಳಿದದ್ದೇ ಸುಮಾರು 105.

ನೀರಿನ ಹಂಚಿಕೆಯೂ ತಾಂತ್ರಿಕ ಲೆಕ್ಕವಲ್ಲ. ಕಾಲುವೆಯ ತಲೆಯಲ್ಲಿರುವವನು ಎರಡು ಬೆಳೆ ಭತ್ತ ತೆಗೆಯುತ್ತಾನೆ, ಕೊನೇ ಭಾಗದವನು ಒಂದು ಬೆಳೆಗೂ ತೂಬಿನ ಹತ್ತಿರ ರಾತ್ರಿಯೆಲ್ಲ ಕಾಯುತ್ತಾನೆ. ಮೂಲ ಯೋಜನೆಯ ಬೆಳೆ ಪದ್ಧತಿಯನ್ನು ಮೀರಿ ಭತ್ತ ಹಬ್ಬಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಊರುಗಳ ಕುಡಿಯುವುದಕ್ಕೂ ಇದೇ ನೀರು. ಕಂಪನಿಯ ಲೆಕ್ಕದಲ್ಲಿ ಉತ್ತರ ಸುಲಭ: ಹೆಚ್ಚು ದುಡ್ಡು ಕೊಡುವವನಿಗೆ ನೀರು. ಆದರೆ ಸಿರುಗುಪ್ಪದ ಕೊನೆಯ ಹೊಲದ ರೈತನೂ ಈ ನಾಡಿನ ಪ್ರಜೆ, ಗಿರಾಕಿಯಲ್ಲ. ಅವನ ಪಾಲು ಅವನ ಜೇಬಿನ ಮೇಲೆ ನಿಲ್ಲಬಾರದು ಎಂಬುದು ಒಂದು ನೀತಿ. ಆ ನೀತಿಯನ್ನು ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯ ಮೇಜಿನ ಮೇಲೆ ಇಡಿಸುವ ಶಕ್ತಿ ರೈತ ಸಂಘದ ಧರಣಿಗಿದೆ, ಓಟಿಗಿದೆ. ಎಂಜಿನಿಯರಿನ ಪಟ್ಟಿಗೆ ಇಲ್ಲ.

ರಾಜಕೀಯ ಏನು ಮಾಡಬಲ್ಲದು ಎಂಬುದಕ್ಕೆ ಸಂಡೂರೇ ಸಾಕ್ಷಿ. ಇಲ್ಲಿನ ಸಂಸ್ಥಾನದ ರಾಜಾಡಳಿತ 1949ರಲ್ಲಿ ಹೋದರೂ ಭೂಮಿಯ ಮೇಲಿನ ರಾಜಮನೆತನದ ಹಿಡಿತ ಹೋಗಿರಲಿಲ್ಲ. 1973ರಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ಇಲ್ಲಿನ ರೈತರು ಉಳುವ ಭೂಮಿಗಾಗಿ ಸತ್ಯಾಗ್ರಹ ಹೂಡಿ ಜೈಲಿಗೆ ಹೋದರು. ಇಂಥ ಹೋರಾಟಗಳ ಒತ್ತಡದ ನಡುವೆಯೇ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಆ ಕಾನೂನಿನ ಒಂದು ಅಂಶವನ್ನು ಗಮನಿಸಿ: ಭೂನ್ಯಾಯಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ತಾನೇ ನಿಂತು, ತನ್ನ ಊರಿನ ಮಾತಿನಲ್ಲಿ ‘ಇದು ನಾನು ಉತ್ತ ನೆಲ’ ಎಂದು ಹೇಳಬೇಕಿತ್ತು. ಭೂಮಾಲೀಕನ ದುಬಾರಿ ವಕೀಲನ ಎದುರು ಬಡವ ಸೋಲುತ್ತಾನೆಂದು ಬಲ್ಲ ರಾಜಕೀಯವೇ ಈ ನಿಯಮ ಮಾಡಿದ್ದು. ತಲೆಮಾರುಗಳ ಜೀತದಿಂದ ಜನರನ್ನು ಬಿಡಿಸಿದ್ದು ಯಾವ ತಜ್ಞರ ಸಮಿತಿಯೂ ಅಲ್ಲ.

‘ಎಲ್ಲ ಪಕ್ಷಗಳೂ ಒಂದೇ, ಓಟು ದುಡ್ಡಿಗೆ ಮಾರಾಟವಾಗುತ್ತದೆ’ ಎಂಬ ಮಾತೂ ಬರುತ್ತದೆ. ಸಂಡೂರು ತಾಲ್ಲೂಕಿನ 3,667 ಎಕರೆ ಭೂಮಿಯನ್ನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಡೆಸುವ ಜಿಂದಾಲ್ ಕಂಪನಿಗೆ ಮಾರುವ ತೀರ್ಮಾನ 2019ರಲ್ಲಿ ಆದಾಗ ವಿರೋಧ ಪಕ್ಷ ಅಹೋರಾತ್ರಿ ಧರಣಿ ಕೂತಿತು. ಅದೇ ಪಕ್ಷ ಅಧಿಕಾರಕ್ಕೆ ಬಂದ ಮೇಲೆ 2021ರಲ್ಲಿ ಅದೇ ಮಾರಾಟಕ್ಕೆ ಒಪ್ಪಿ, ಪ್ರತಿರೋಧ ಬಂದಾಗ ತಡೆ ಹಿಡಿಯಿತು. 2024ರಲ್ಲಿ ಮತ್ತೊಂದು ಪಕ್ಷದ ಸರ್ಕಾರ ಒಪ್ಪಿಗೆ ಕೊಟ್ಟಿತು. ಜನಕ್ಕೆ ಬೇಸರವಾಗುವುದು ಸಹಜ. ಆದರೆ ಈ ಪ್ರಸಂಗದ ಪಾಠವೇನು? ಮಾರಾಟ ನಿಂತದ್ದು ಜಗಳ ಎದ್ದಾಗ, ನಡೆದದ್ದು ಜಗಳ ಆರಿದಾಗ. ಪಕ್ಷಗಳು ಒಂದಾದಲ್ಲಿ ಜನರ ಪಾಲಿಗೆ ಉಳಿಯುವುದು ಶೂನ್ಯ.

ಓಟಿಗೆ ದುಡ್ಡು ಹಂಚುತ್ತಾರೆಂಬುದು ನಿಜ. ಐದು ವರ್ಷಕ್ಕೊಮ್ಮೆ ಮಾತ್ರ ತನ್ನನ್ನು ಯಾರಾದರೂ ಕೇಳುತ್ತಾರೆಂದು ಗೊತ್ತಿರುವವನು ಆ ದಿನ ಸಿಕ್ಕಿದ್ದನ್ನು ಇಸಿದುಕೊಳ್ಳುತ್ತಾನೆ. ಅದಕ್ಕೆ ಮದ್ದು ರಾಜಕೀಯವನ್ನು ಮನೆ ಬಾಗಿಲಿಗೆ ತರುವುದು. ರಾಜ್ಯದ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್‌ಸಾಬ್ ಇದನ್ನು ಬಲ್ಲವರಾಗಿದ್ದರು. 1983ರ ಕಾಯ್ದೆ, 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ, ಆಮೇಲೆ ಸಂವಿಧಾನದ 73ನೇ ತಿದ್ದುಪಡಿ: ಈ ದಾರಿಯಲ್ಲಿ ಕರ್ನಾಟಕ ದೇಶಕ್ಕೇ ಮುಂದಿತ್ತು. ಆ ಕರ್ನಾಟಕದಲ್ಲಿ 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸರ್ಕಾರಗಳು ಬದಲಾದವು, ಆ ಕುರ್ಚಿಗಳಲ್ಲಿ ಆಡಳಿತಾಧಿಕಾರಿಗಳು ಕೂತರು. ‘ರಾಜಕೀಯ ಬೇಡ’ ಎಂಬ ಮಾತು ಎಲ್ಲರ ಬಾಯಲ್ಲಿ ಇರುವ ನಾಡಿನಲ್ಲಿ ಇದಕ್ಕೆ ದೊಡ್ಡ ಪ್ರತಿಭಟನೆ ಏಳಲಿಲ್ಲ. ಮಾತಿಗೂ ಈ ಮೌನಕ್ಕೂ ನೇರ ಸಂಬಂಧವಿದೆ.

ಅದೇ ಹೊತ್ತಿಗೆ ಹಣ ಮಾತ್ರ ಬಂದು ಬೀಳುತ್ತಿದೆ. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಗಣಿಯವರು ರಾಜಧನದ ಜೊತೆಗೆ ಹೆಚ್ಚುವರಿಯಾಗಿ ಕಟ್ಟುವ ಒಂದು ಮೊತ್ತ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸೇರುತ್ತದೆ. ರಾಜ್ಯದಲ್ಲಿ ಅತಿ ಹೆಚ್ಚು ಸಂಗ್ರಹ ಬಳ್ಳಾರಿಯದು. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ 2013ರ ತೀರ್ಪಿನ ಬೆನ್ನಿಗೆ ಕೂಡಿದ ಸಾವಿರಾರು ಕೋಟಿ ವರ್ಷಗಟ್ಟಲೆ ಖರ್ಚಾಗದೆ ಕೂತಿತು. 2022ರಲ್ಲಿ ಅದಕ್ಕೂ ಸುಪ್ರೀಂ ಕೋರ್ಟ್ ಒಬ್ಬ ನಿವೃತ್ತ ನ್ಯಾಯಮೂರ್ತಿಯ ಮೇಲ್ವಿಚಾರಣಾ ಪ್ರಾಧಿಕಾರವನ್ನು ನೇಮಿಸಿತು. ದೂಳು ಕುಡಿದದ್ದು ಸುಬ್ಬರಾಯನಹಳ್ಳಿ, ಭುಜಂಗನಗರ, ಕಮ್ಮತ್ತೂರಿನ ಜನ. ಆ ದೂಳಿನ ಹಣ ಯಾವ ಕೆಲಸಕ್ಕೆ ಎಂದು ಬರೆಯುವವರು ಬೇರೆಲ್ಲೋ. ಗ್ರಾಮಸಭೆಯ ಪಾತ್ರ ನಿಯಮದಲ್ಲಿದೆ. ಅದು ನಡೆಯುವ ಬಗೆ ಹಳ್ಳಿಯವರಿಗೆಲ್ಲ ಗೊತ್ತು: ಪಂಚಾಯಿತಿ ಕಟ್ಟಡದಲ್ಲಿ ಹತ್ತು ಕುರ್ಚಿ, ಅರ್ಧ ತಾಸು, ನಡಾವಳಿ ಪುಸ್ತಕಕ್ಕೆ ಆಮೇಲೆ ಮನೆ ಮನೆ ತಿರುಗಿ ಹಾಕಿಸಿದ ಸಹಿ. ಆಸ್ಪತ್ರೆ ಬೇಕೋ ಕಮಾನು ಬೇಕೋ, ಕುಡಿಯುವ ನೀರು ಮೊದಲೋ ಸಭಾಭವನ ಮೊದಲೋ ಎಂಬುದು ಜಗಳವಾಡಿ ತೀರ್ಮಾನಿಸಬೇಕಾದ ವಿಷಯ. ಅಲ್ಲಿ ಜಗಳವೇ ಆಗುವುದಿಲ್ಲವೆಂದರೆ ತೀರ್ಮಾನ ಅಷ್ಟರೊಳಗೆ ಎಲ್ಲೋ ಆಗಿದೆ ಎಂದರ್ಥ.

ಅಧಿಕಾರಿ ಬೇಕು, ಎಂಜಿನಿಯರ್ ಬೇಕು, ನ್ಯಾಯಾಧೀಶ ಬೇಕು. ಅವರು ಹೇಗೆ ಮಾಡಬೇಕೆಂದು ಬಲ್ಲರು. ಯಾವುದು, ಯಾರಿಗಾಗಿ, ಯಾರ ಖರ್ಚಿನಲ್ಲಿ ಎಂದು ಹೇಳುವ ಹಕ್ಕು ಅದರ ಫಲ ಉಣ್ಣುವವರದು, ಅದರ ನೋವು ತಿನ್ನುವವರದು. ಸರ್ಕಾರವೆಂಬುದು ಈ ಹಕ್ಕಿಗೆ ಕೊಟ್ಟ ರೂಪ. ರಾಜಕೀಯವೆಂಬುದು ಅದನ್ನು ಚಲಾಯಿಸುವ ಕೆಲಸ. ಅದು ಕೆಟ್ಟಿದೆ ಎಂದು ಬಿಟ್ಟು ಬಂದವರ ಜಾಗ ಖಾಲಿ ಉಳಿಯುವುದಿಲ್ಲ. ಗಣಿಯ ಕಾಲದಲ್ಲಿ ಅಲ್ಲಿ ಬಂದು ಕೂತವರು ಯಾರೆಂದು ಈ ಸೀಮೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದ್ದರಿಂದ ಕೇಳಬೇಕಾದದ್ದನ್ನು ಬಾಯಿಬಿಟ್ಟು ಕೇಳೋಣ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕುರ್ಚಿಯಲ್ಲಿ ಒಂದು ದಿನವೂ ಆಡಳಿತಾಧಿಕಾರಿ ಕೂರದಂತೆ ಚುನಾವಣೆ ನಡೆಯಲಿ. ಜಲಾಶಯದ ಪ್ರತಿ ಗೇಟಿನ ತಪಾಸಣೆ ವರದಿ ಕನ್ನಡದಲ್ಲಿ ಪ್ರಕಟವಾಗಿ, ಪ್ರತಿ ವರ್ಷ ಬೆಳೆಯ ಹಂಗಾಮಿಗೆ ಮೊದಲು ರೈತರ ಮುಂದೆ ಬರಲಿ. ಖನಿಜ ನಿಧಿಯ ಕಾಮಗಾರಿ ಪಟ್ಟಿ ಗಣಿ ಬಾಧಿತ ಹಳ್ಳಿಯ ಗ್ರಾಮಸಭೆಯಲ್ಲಿ ಓದಿ, ಚರ್ಚೆಯಾಗಿ, ಅಲ್ಲಿ ಕೈ ಎತ್ತಿ ಒಪ್ಪಿದ ಮೇಲೆಯೇ ಟೆಂಡರ್ ಕರೆಯಲಿ. ಹಂಪಿಯಲ್ಲಿ ಒಂದು ಮನೆ ಎಬ್ಬಿಸುವ ಮೊದಲು ಇನ್ನೊಂದು ಮನೆ ಕಟ್ಟಿ ಬೀಗದ ಕೈ ಕೊಡಲಿ. ಇವು ರಾಜಕೀಯ ಬೇಡಿಕೆಗಳು. ಹಾಗೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚ ಬೇಡ. ಇವನ್ನು ಕೇಳಬೇಕಾದವರು ಓಟು ಹಾಕುವವರು, ಅದೂ ಓಟಿನ ದಿನದವರೆಗೆ ಕಾಯದೆ.